ನೀರು ಬಿಡಲಾಗುವುದು ಎಂದರೆ ಯಾವ ನೀರು?

ಅಣೆಕಟ್ಟಿನ ಗೇಟುಗಳನ್ನು ಎತ್ತುವ, ಇಳಿಸುವ ಅಧಿಕಾರವುಳ್ಳ ಮಾನ್ಯ ಮುಖ್ಯ ಇಂಜಿನಿಯರರೇ,

ಕಳೆದ ಮಳೆಗಾಲದಲ್ಲಿ ತಾವು ನಮ್ಮ ಬೀದಿಗೆ ಇಡೀ ಹೊಳೆಯನ್ನೇ ಕಳುಹಿಸಿಕೊಟ್ಟಿರಿ. ಮೊದಲೇ ತಿಳಿಸಿಯೂ ಇದ್ದಿರಿ, ಇಲ್ಲವೆನ್ನಲಾರೆ. ತಿಳಿಸಿದ ಭಾಷೆಯ ಬಗ್ಗೆ ಮತ್ತು ಕಳುಹಿಸಿದ ರೀತಿಯ ಬಗ್ಗೆ ನನ್ನದೊಂದು ತಕರಾರಿದೆ.

ನಾನು ಹಾಸಿಗೆ ಹೊಲಿಯುವವನು. ಅಣೆಕಟ್ಟಿನ ಕೆಳಗೆ, ಹೊಳೆ ದಂಡೆಯ ಬೀದಿಯಲ್ಲಿ ನನ್ನ ಅಂಗಡಿ. ಹಿಂದಿನ ಕೋಣೆಯೇ ಮನೆ, ಮಾಳಿಗೆಯಲ್ಲಿ ಹತ್ತಿ ಮೂಟೆಗಳು. ಆ ದಿನ ಬೆಳಿಗ್ಗೆ ತಮ್ಮ ಕಚೇರಿಯ ಜೀಪು ಮೈಕು ಕಟ್ಟಿಕೊಂಡು ಬಂದು, "ಇಂದು ಮಧ್ಯಾಹ್ನ ನೀರು ಬಿಡಲಾಗುವುದು, ಸಾರ್ವಜನಿಕರು ಸಹಕರಿಸಬೇಕು" ಎಂದು ಸಾರಿ ಹೋಯಿತು. ಸ್ವಾಮಿ, ನಮ್ಮ ಬೀದಿಯಲ್ಲಿ ನೀರು ಬಿಡುವುದೆಂದರೆ ನಲ್ಲಿಗೆ. ಪಂಪು ಕೆಟ್ಟು ಬೀದಿ ನಲ್ಲಿ ಒಣಗಿ ಆಗಲೇ ವಾರವಾಗಿತ್ತು. ಸಹಕರಿಸಿ ಎಂದು ಬೇರೆ ಹೇಳಿದ್ದೀರಿ! ಮನಸಾರೆ ಸಹಕರಿಸಿದೆವು. ಇದ್ದಬದ್ದ ಕೊಡ, ಬಕೆಟ್ಟು, ಡ್ರಮ್ಮುಗಳನ್ನೆಲ್ಲ ತೊಳೆದು ನಲ್ಲಿಯ ಮುಂದೆ ಸಾಲಾಗಿ ಇಟ್ಟೆವು. ಎದುರಂಗಡಿಯ ವೆಲ್ಡರ್ ಜಾಗ ಹಿಡಿಯಲು ಹೆಂಡತಿಯನ್ನೇ ನಿಲ್ಲಿಸಿದ. ಮಧ್ಯಾಹ್ನ ನೀರು ಬಂತು; ತಾವು ಮಾತಿಗೆ ತಪ್ಪುವವರಲ್ಲ. ಕೊಡಗಳೆಲ್ಲ ಮುಂದಿನ ಬೀದಿಗೆ ತೇಲಿಕೊಂಡು ಹೋದವು. ವೆಲ್ಡರನ ಹೆಂಡತಿ ಕರೆಂಟ್ ಕಂಬ ತಬ್ಬಿಕೊಂಡು ಉಳಿದಳು.

ಹಿಂದಿನ ಕೋಣೆಯಲ್ಲಿ ನಮ್ಮಮ್ಮ ಮಲಗಿದ್ದಳು. ಸೊಂಟ ಮುರಿದ ಮೇಲೆ ಅವಳಿಗೆ ನಡೆಯಲಾಗದು. "ಲೋ, ನಲ್ಲಿ ನಿಲ್ಲಿಸ್ರೋ! ತುಂಬಿ ಒಳಗೇ ಬರ್ತಾ ಇದೆ!" ಎಂದು ಕೂಗಿಕೊಂಡಳು. ನಾನೂ ವೆಲ್ಡರೂ ಅವಳನ್ನು ಹಾಸಿಗೆ ಸಮೇತ ಎತ್ತಿ ಮಾಳಿಗೆಗೆ ಸಾಗಿಸಿದೆವು. ಹತ್ತಿಯ ಹಾಸಿಗೆ ನೀರು ಕುಡಿದರೆ ಎಷ್ಟು ಭಾರವಾಗುತ್ತದೆಂದು ತಮಗೆ ಗೊತ್ತಿರಲಾರದು. ಅರ್ಧ ಮೆಟ್ಟಿಲು ಹತ್ತಿದಾಗ ನನ್ನ ಕೈ ಜಾರಿತು. ವೆಲ್ಡರ್ ಅಮ್ಮನನ್ನು ಬಾಚಿ ಹಿಡಿದುಕೊಂಡ. ನನ್ನ ಜನ್ಮದಲ್ಲಿ ನಾನು ಅಷ್ಟು ಹೆದರಿದ್ದು ಅದೊಂದೇ ಸಲ.

ನೀರಾವರಿಗೆಂದು ಕಟ್ಟಿದ ಹಳೆಯ ಅಣೆಕಟ್ಟು ಅದು. ನೀರಾವರಿಗೆ ಜಲಾಶಯ ತುಂಬಿರಬೇಕು, ಪ್ರವಾಹ ತಡೆಯಲು ಅದರಲ್ಲಿ ಜಾಗ ಖಾಲಿ ಇರಬೇಕು. ಇದು ನನ್ನ ಸಂಶೋಧನೆಯಲ್ಲ, ತಾವೇ ಹೊಸ ಗೇಟುಗಳ ಉದ್ಘಾಟನೆಯ ಭಾಷಣದಲ್ಲಿ ಹೇಳಿದ್ದು. ಅದಕ್ಕಾಗಿಯೇ ಇವನ್ನು ತಳದಲ್ಲಿ ಕೂರಿಸಿದ್ದೇವೆ, ಇನ್ನು ಮುಂದೆ ಮಳೆಗೆ ಮುಂಚೆಯೇ ಸ್ವಲ್ಪಸ್ವಲ್ಪವಾಗಿ ನೀರು ಹರಿಸಿ ಮೇಲ್ಭಾಗ ಖಾಲಿ ಇಡುತ್ತೇವೆ ಎಂದಿರಿ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಆಮೇಲೆ ಮಾಡಿದ್ದೇನು? ಹಳೇ ಚಾಳಿಯಂತೆ ಕಂಠಮಟ್ಟ ತುಂಬಿಸಿ, "ಜಲಾಶಯ ಭರ್ತಿ" ಎಂದು ಪತ್ರಿಕೆಗೆ ಫೋಟೊ ಕೊಟ್ಟು, ಮೇಲಿನಿಂದ ಮಳೆನೀರು ನುಗ್ಗಿದಾಗ ಗಾಬರಿಬಿದ್ದು ಎಲ್ಲ ಗೇಟುಗಳನ್ನೂ ಒಟ್ಟಿಗೇ ಎತ್ತಿದಿರಿ. ಹಾಗಾದರೆ ಆ ಹೊಸ ಗೇಟುಗಳು ಬರೀ ನೋಡುವುದಕ್ಕೇ?

ಖಾಲಿ ಇಟ್ಟರೆ ರೈತರು ಸುಮ್ಮನೆ ಬಿಡುತ್ತಾರೆಯೇ ಎನ್ನುತ್ತೀರಿ. ನಿಜ, ನಮ್ಮಕ್ಕನೇ ಬಿಡುವುದಿಲ್ಲ. ಅವಳ ಗದ್ದೆ ಅದೇ ಅಣೆಕಟ್ಟಿನ ನಾಲೆಯ ಕಟ್ಟಕಡೆಯಲ್ಲಿದೆ. ಈ ಪತ್ರದ ವಿಷಯ ತೆಗೆದದ್ದೇ ತಡ, ಫೋನಿನಲ್ಲೇ ಗ್ರಹಚಾರ ಬಿಡಿಸಿದಳು.

"ಡ್ಯಾಮ್ ಖಾಲಿ ಇಡಿ ಅಂತ ಬರೀತೀಯಾ? ನನ್ನ ಪೈರಿಗೇನು ನಿನ್ನ ಹಾಸಿಗೆ ಹಿಂಡಿ ನೀರು ಹಾಯಿಸ್ಲಾ?"

"ಅಮ್ಮ ಕೆಳಗಡೆನೇ ಮಲಗಿದ್ಲು ಕಣೇ ಅಕ್ಕಾ," ಎಂದೆ.

ಅಕ್ಕ ದನಿ ತಗ್ಗಿಸಿ, ಅಮ್ಮನ ಸೊಂಟ ಈಗ ಹೇಗಿದೆ ಎಂದು ಕೇಳಿದಳು. ಆಮೇಲೆ, "ಪೂರ್ತಿ ಖಾಲಿ ಬೇಡ. ಮೇಲೆ ಒಂದಿಷ್ಟು ಜಾಗ ಬಿಡ್ಲಿ. ಮಳೆ ಜೋರು ಇಳಿದ್ಮೇಲೆ ತುಂಬಿಸಿಕೊಡ್ತೀವಿ ಅಂತ ಬರೆದುಕೊಡ್ಲಿ. ಬಾಯಿಮಾತೆಲ್ಲ ನಾನು ನಂಬಲ್ಲ," ಎಂದಳು.

ಚಿಕ್ಕಂದಿನಿಂದ ಜಡೆ ಎಳೆದುಕೊಂಡು, ಪರಚಿಕೊಂಡು ಬೆಳೆದ ನಾವೇ ಒಂದು ಮಾತಿಗೆ ಬಂದೆವು. ತಮ್ಮ ಕಚೇರಿಯ ನೀರಾವರಿಯವರೂ ಪ್ರವಾಹದವರೂ ಒಂದೇ ಕಾರಿಡಾರಿನಲ್ಲಿ ಕೂರುತ್ತಾರಂತೆ. ಚಹಾ ಕುಡಿಯುವಾಗಲಾದರೂ ಮಾತನಾಡಿಕೊಳ್ಳಬಾರದೇ?

ನನ್ನ ಬೇಡಿಕೆ ದೊಡ್ಡದೇನಲ್ಲ. ಮಳೆ ಹಿಡಿಯುವ ಮೊದಲು, ಜಲಾಶಯದಲ್ಲಿ ಎಷ್ಟು ಜಾಗ ಖಾಲಿ ಇಡುತ್ತೀರಿ, ಅದನ್ನು ಯಾವಾಗ ತುಂಬಿಸುತ್ತೀರಿ ಎಂಬುದನ್ನು ಬರೆದು, ಸಹಿ ಹಾಕಿ, ಅಕ್ಕನ ಊರಿನಲ್ಲೂ ನಮ್ಮ ಬೀದಿಯಲ್ಲೂ ಅಂಟಿಸಿ. ಬರೆದಂತೆ ನಡೆದುಕೊಳ್ಳಿ. ಜೀಪಿನವರಿಗೆ "ಹೊಳೆ ಬರ್ತಿದೆ, ಮೇಲೆ ಹತ್ತಿ" ಎಂದು ಕೂಗಲು ಕಲಿಸಿ.

ಅಮ್ಮ ಅಂದಿನಿಂದ ಮಾಳಿಗೆಯಲ್ಲಿ ಹತ್ತಿ ಮೂಟೆಗಳ ನಡುವೆಯೇ ಇದ್ದಾಳೆ. ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಗಿರಾಕಿಗಳ ಜೊತೆ ಹರಟುವುದೆಂದರೆ ಅವಳಿಗೆ ಪ್ರಾಣ. "ಕೆಳಗೆ ಕರ್ಕೊಂಡು ಹೋಗೋ" ಎಂದು ದಿನಾ ಪೀಡಿಸುತ್ತಾಳೆ. ಧೈರ್ಯ ಸಾಲದೆ, "ಇಂಜಿನಿಯರ್ ಸಾಹೇಬ್ರನ್ನ ಕೇಳಿ ಹೇಳ್ತೀನಮ್ಮ" ಎನ್ನುತ್ತೇನೆ. ನಿನ್ನೆ ಅವಳು ಕೇಳಿದಳು:

"ಅವರಮ್ಮ ಎಲ್ಲಿ ಮಲಗ್ತಾರಂತೆ?"

ಅದನ್ನೂ ಬರೆದು ಕೇಳಬೇಕಂತೆ. ಕೇಳಿದ್ದೇನೆ.

ಇಂತಿ,
ತಮ್ಮ ಕೃಪೆಯಿಂದ ನೆಂದು, ಇನ್ನೂ ಪೂರ್ತಿ ಒಣಗದಿರುವ
ಹೊಳೆ ದಂಡೆಯ ಹಾಸಿಗೆಯವ