ಅರ್ಥ ಹೇಳುವವಳು

ತಾರೀಖು ೧೧, ಭಾನುವಾರ
ಮಧ್ಯಾಹ್ನ

ನನ್ನ ಮುದ್ದು ಪುಟ್ಟಿಗೆ,

ನಿನ್ನಕ್ಕ ಮಾಡುವ ಆಶೀರ್ವಾದಗಳು. ಇಲ್ಲಿ ನಾವು ಕ್ಷೇಮ ಎಂದು ಬರೆಯುವುದು ವಾಡಿಕೆ, ಆದ್ದರಿಂದ ಬರೆದಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರಲಿಲ್ಲವೆಂದು ನೀನು ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಅಜ್ಜಿಯಾದರೂ ಆ ಅಭ್ಯಾಸ ಬಿಟ್ಟಿಲ್ಲ ನೀನು. ಬರೆಯಲು ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಈಚೆಗೆ ಬೇಕಾದಷ್ಟು ಸುಳ್ಳು ಹೇಳಿದ್ದೇನೆ, ನಿನಗೂ ಒಂದು ಬೇಡ. ಪೆನ್ನು ಹಿಡಿದು ಕೂತರೆ ಬರೆಯಬೇಕಾದ್ದನ್ನು ಬಿಟ್ಟು ಚಳಿ, ಗಾಳಿ, ಬಸ್ಸು ಎಂದು ಬರೆಯುತ್ತಿದ್ದೆ. ಆಮೇಲೆ ನಾನೇ ಹರಿದು ಹಾಕುತ್ತಿದ್ದೆ.

ನಿನ್ನ ಮಂಡಿಗೆ ಆಪರೇಷನ್ ಬೇಡವಂತೆ ಎಂದು ಓದಿ ಜೀವ ಬಂತು. ಡಾಕ್ಟರು ನಡೆಯಿರಿ ಎಂದರೆ ನಡೆ, ಮಹರಾಯ್ತಿ. ಟಿವಿ ಮುಂದೆ ಕೂತು ಕಾಲು ಅಲ್ಲಾಡಿಸಿದರೆ ಅದು ನಡಿಗೆಯಲ್ಲ. ಮಗಳು ಮತ್ತೆ ಬಸುರಿ ಎಂದು ಬರೆದಿದ್ದೀಯ. ಅವಳ ಹಣೆಗೆ ನನ್ನದೊಂದು ಮುತ್ತು ಕೊಡು, ದೊಡ್ಡಮ್ಮ ಕೊಟ್ಟಿದ್ದು ಅಂತ ಹೇಳಿಯೇ ಕೊಡು.

ನಾವಿರುವುದು ಈಗಲೂ ಪ್ರಾರ್ಥನಾ ಮನೆಯ ಮಹಡಿಯ ಮೇಲಿನ ಅದೇ ಕೋಣೆಯಲ್ಲಿ. ಎರಡು ಕಬ್ಬಿಣದ ಮಂಚ. ಹೊರಳಿದರೆ ಸಾಕು, ಒಂದರಿಂದೊಂದು ದೂರ ಸರಿಯುತ್ತವೆ. ಬಂದ ಹೊಸತರಲ್ಲಿ ನಿನ್ನ ಭಾವ ಎರಡರ ಕಾಲನ್ನೂ ಹಗ್ಗದಿಂದ ಬಿಗಿದು, "ಈಗ ಭೂಕಂಪ ಆದ್ರೂ ನೀನು ನನ್ನ ಬಿಟ್ಟು ಹೋಗೋ ಹಾಗಿಲ್ಲ" ಎಂದು ನಕ್ಕಿದ್ದರು. ಹಗ್ಗ ಈಗ ಸಡಿಲಾಗಿದೆ. ಕಸ ಗುಡಿಸುವಾಗ ದಿನಾ ನೋಡುತ್ತೇನೆ, ಬಿಗಿಯಲು ಹೋಗಿಲ್ಲ.

ಇಲ್ಲಿ ಏನು ಕೆಲಸ ಎಂದು ನೀನು ಪ್ರತಿ ಸಲ ಕೇಳುತ್ತೀಯ, ನಾನು ಪ್ರತಿ ಸಲ 'ಸೇವೆ' ಎಂದು ಬರೆದು ಕೈತೊಳೆದುಕೊಳ್ಳುತ್ತೇನೆ. ಈ ಸಲ ಬಿಡಿಸಿ ಹೇಳುತ್ತೇನೆ. ಬೆಳಿಗ್ಗೆ ತಿಂಡಿ ಮುಗಿಸಿ ಬಸ್ಸು ಹಿಡಿದು ದೊಡ್ಡಾಸ್ಪತ್ರೆಗೆ ಹೋಗುತ್ತೇವೆ. ಬೇಗ ವಾಸಿಯಾಗದವರನ್ನು, ಗಂಡಸರು ಹೆಂಗಸರೆನ್ನದೆ, ಇಡುವ ವಾರ್ಡು ನಮ್ಮದು. ಭಾವ ಮೊದಲು ಮಂಚಗಳ ಗಾಲಿ, ಕಿಟಕಿಯ ಚಿಲಕ ನೋಡುತ್ತಾರೆ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರ ಕೈ ಸುಮ್ಮನಿರುವುದಿಲ್ಲವಲ್ಲ. ನಾನು ಹೆಂಗಸರ ತಲೆ ಬಾಚುತ್ತೇನೆ, ಉಗುರು ಕತ್ತರಿಸುತ್ತೇನೆ. ಆಮೇಲೆ ಯಾರು ಕೇಳುತ್ತಾರೋ ಅವರ ಹಾಸಿಗೆಯ ಪಕ್ಕ ಪ್ರಾರ್ಥನೆ.

ನಮ್ಮನ್ನು ಈ ಪರದೇಶಕ್ಕೆ ಕಳಿಸಿದ ಸಂಘದಲ್ಲಿ ಸಿದ್ಧ ಪ್ರಾರ್ಥನೆ ಎಂಬುದಿಲ್ಲ. ಕಣ್ಣು ಮುಚ್ಚಿಕೊಂಡು ಮನಸ್ಸಿಗೆ ಬಂದದ್ದನ್ನು ಹೆತ್ತಮ್ಮನ ಭಾಷೆಯಲ್ಲೇ ಹೇಳಬೇಕು. ಕಲಿತ ಭಾಷೆಯ ಮಾತು ನಾಲಿಗೆಯಿಂದ ಮೇಲಕ್ಕೆ ಹೋಗುವುದಿಲ್ಲ ಎಂದು ಹಿರಿಯರ ನಂಬಿಕೆ. ಜೋಡಿಯ ಇನ್ನೊಬ್ಬರು ಅವರ ಕೈ ಹಿಡಿದು ನಿಂತು ಇಲ್ಲಿಯವರಿಗೆ ಅರ್ಥ ಹೇಳಬೇಕು. ಅದಕ್ಕೇ ಗಂಡಹೆಂಡಿರನ್ನೇ ಕಳಿಸುವುದು. ಬಾಲವಾಡಿಯ ಮಕ್ಕಳ ಜೊತೆ ವರ್ಷಗಟ್ಟಲೆ ಒದರಿದ ಬಾಯಿ ನನ್ನದು, ತರಕಾರಿ ಅಂಗಡಿಯಲ್ಲಿ ಜಗಳವಾಡಿಯೇ ಇಲ್ಲಿಯ ಭಾಷೆ ಕಲಿತುಬಿಟ್ಟೆ. ನಿನ್ನ ಭಾವನಿಗೆ ಅದು ಕಬ್ಬಿಣದ ಕಡಲೆ. ಹೀಗಾಗಿ ಪ್ರಾರ್ಥನೆ ಅವರದು, ಅರ್ಥ ನನ್ನದು.

ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬಳು ಟೈಲರ್ ಹುಡುಗಿ ಇದ್ದಳು. ಹುಡುಗಿ ಎಂದರೆ ಮೂವತ್ತು ದಾಟಿದವಳೇ, ನಮ್ಮ ಕಣ್ಣಿಗೆ ಹುಡುಗಿ. ಎರಡೂ ಕಿಡ್ನಿ ಕೆಟ್ಟಿದ್ದವು. ಹಿಂದೆ ಮುಂದೆ ಯಾರೂ ಇರಲಿಲ್ಲ. ಕೈ ಬಾತುಕೊಂಡಿದ್ದರೂ ವಾರ್ಡಿನ ದಿಂಬಿನ ಚೀಲಗಳಿಗೆಲ್ಲ ಗುಂಡಿ ಹಾಕಿಕೊಡುತ್ತಿದ್ದಳು. ಒಂದು ದಿನ ಭಾವನ ಕೋಟು ನೋಡಿ, "ತೋಳು ಇಷ್ಟುದ್ದ ಬಿಟ್ಕೊಂಡು ಓಡಾಡ್ತಾರಲ್ಲ, ಬಿಚ್ಚಿ ಕೊಡೋಕೆ ಹೇಳಿ" ಎಂದಳು. ಅವರನ್ನು 'ಅಪ್ಪ' ಎಂದು ಕರೆಯುತ್ತಿದ್ದಳು, ಅವಳ ಭಾಷೆಯಲ್ಲಿ. ಈ ದೇಶದ ಭಾಷೆಯಲ್ಲಿ ನಿನ್ನ ಭಾವ ಕಲಿತ ಪದ ಅದೊಂದೇ. ಪುಟ್ಟೀ, ನಮಗೆ ಮಕ್ಕಳಾಗಲಿಲ್ಲವೆಂದು ಅವರು ಯಾವತ್ತೂ ಒಂದು ಮಾತು ಆಡಿದವರಲ್ಲ. ಆ ಪದ ಕೇಳಿದಾಗ ಅವರ ಕಿವಿ ಕೆಂಪಾಗುತ್ತಿದ್ದುದನ್ನು ನೋಡಿಯೇ ನನಗೆ ಗೊತ್ತಾದದ್ದು, ಎಷ್ಟನ್ನು ನುಂಗಿಕೊಂಡಿದ್ದರು ಎಂದು.

ಯಾರಿಗೂ ವಾಸಿಯಾಗುತ್ತದೆಂದು ಮಾತು ಕೊಡಕೂಡದು, ಇದು ಸಂಘದ ನಿಯಮ. ಇವರು ಕೊಟ್ಟರು. "ನೀನು ಎದ್ದು ಓಡಾಡ್ತೀಯ ಮಗಳೇ, ದೇವರು ನನ್ನ ಮಾತು ತೆಗೆದುಹಾಕಲ್ಲ" ಎಂದರು. ನಾನು ಅರ್ಥ ಹೇಳಲು ತಡವರಿಸಿದೆ. "ಹೇಳೇ, ಯಾಕೆ ನಿಂತೆ" ಎಂದು ಗದರಿದರು. ಹೇಳಿದೆ.

ಆ ಹುಡುಗಿ ಕೋಟಿನ ಒಂದು ತೋಳು ಮಡಿಚಿ ಹೊಲಿದಿದ್ದಳು. ಇನ್ನೊಂದು ಹಾಗೇ ಇತ್ತು. ಒಂದು ಬೆಳಿಗ್ಗೆ ನಾವು ಹೋದಾಗ ಕಿಟಕಿಯ ಪಕ್ಕದ ಮಂಚಕ್ಕೆ ಒಗೆದ ಚಾದರ ಹಾಸಿಯಾಗಿತ್ತು. ನರ್ಸಮ್ಮ ಕೋಟನ್ನು ಮಡಿಸಿ ನನ್ನ ಕೈಗೆ ಕೊಟ್ಟು, "ಬೆಳಗಿನ ಜಾವ ಹೋಗ್ಬಿಟ್ಳು" ಎಂದಳು. ನಿನ್ನ ಭಾವ ಕೋಟನ್ನು ಹಾಕಿಕೊಂಡರು. ಒಂದು ತೋಳು ಗಿಡ್ಡ, ಒಂದು ಉದ್ದ. ಈಗಲೂ ಹಾಗೆಯೇ ಹಾಕಿಕೊಂಡು ಓಡಾಡುತ್ತಾರೆ, ನಾನು ಹೊಲಿಯುತ್ತೇನೆಂದರೆ ಕೊಡುವುದಿಲ್ಲ.

ಪಕ್ಕದ ಮಂಚದಲ್ಲಿ ಕಾಲು ತೆಗೆಸಿಕೊಂಡ ಮುದುಕ, ಹಿಂದೆ ಬಸ್ ಡ್ರೈವರ್ ಆಗಿದ್ದವನು. ಅವತ್ತೇ ಅವನು ಕೈಸನ್ನೆ ಮಾಡಿ ಪ್ರಾರ್ಥನೆ ಮಾಡಿ ಎಂದು ಕರೆದ. ಹೋಗಿ ನಿಂತೆವು. ನಾನು ಭಾವನ ಕೈ ಹಿಡಿದೆ. ಅವರು ಕಣ್ಣು ಮುಚ್ಚಿ, ಯಾವಾಗಿನ ಅದೇ ದೊಡ್ಡ, ನಿಧಾನದ ದನಿಯಲ್ಲಿ ಹೇಳಿದರು: "ನೀನು ಇಲ್ಲ. ಇಷ್ಟು ವರ್ಷ ನಾನು ಗೋಡೆಗೆ ಕೈ ಮುಗಿದಿದ್ದೀನಿ. ಈ ಮುದುಕನ ಕಾಲು ಹೋಯ್ತು, ನಾಳೆ ಇವನೂ ಹೋಗ್ತಾನೆ. ಕೇಳೋರು ಯಾರೂ ಇಲ್ಲ, ಕೊಡೋರು ಯಾರೂ ಇಲ್ಲ."

ನಿಲ್ಲಿಸಿದರು. ಡ್ರೈವರ್ ಎರಡೂ ಕೈ ಎದೆಗೆ ಒತ್ತಿಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದಾನೆ. ನೀನಾದರೆ ಏನು ಹೇಳುತ್ತಿದ್ದೆ, ಪುಟ್ಟಿ? ನಾನು, "ದೇವರು ನಿಮ್ಮ ನೋವು ಇಳಿಸಲಿ, ನಿಮ್ಮನ್ನು ಕೈಬಿಡದಿರಲಿ ಅಂತ ಕೇಳ್ಕೊಂಡ್ರು" ಎಂದೆ. ಅವನು ಗಳಗಳನೆ ಅತ್ತ. ಭಾವನ ಕೈಗೆ ಮುತ್ತಿಟ್ಟ.

ಅಂದಿನಿಂದ ದಿನಾ ಹೀಗೆಯೇ. ಅವರು ಏರಿಗೆ ಎಳೆದರೆ ನಾನು ನೀರಿಗೆ ಎಳೆಯುತ್ತೇನೆ. ಅವರು "ನಿನ್ನ ಬಾಗಿಲಿಗೆ ಬೀಗ ಬಿದ್ದಿದೆ" ಎನ್ನುತ್ತಾರೆ, ನಾನು "ದೇವರ ಬಾಗಿಲು ಸದಾ ತೆರೆದಿದೆ" ಎನ್ನುತ್ತೇನೆ. ಅವರು ಆ ಹುಡುಗಿಯ ಬಾತ ಕೈಗಳ ಬಗ್ಗೆ ಹೇಳುತ್ತಾರೆ, ತಾವು ಆಡಿದ ಮಾತಿನ ಬಗ್ಗೆ ಹೇಳುತ್ತಾರೆ, ಹುಟ್ಟದ ಮಕ್ಕಳ ಬಗ್ಗೆ ಕೂಡ. ನಾನು ಪಕ್ಕದಲ್ಲಿ ನಿಂತು ಒಳ್ಳೆ ನಿದ್ದೆ, ಒಳ್ಳೆ ಹಸಿವು, ಶಾಂತಿ ಎಂದು ಹಂಚುತ್ತೇನೆ. ಅವರ ದನಿ ನಡುಗುತ್ತದೆ, ಕಣ್ಣೀರು ಬರುತ್ತದೆ. ವಾರ್ಡಿನವರು, "ಎಂಥ ಭಕ್ತಿ ನಿಮ್ಮ ಯಜಮಾನರದು! ಮೊದಲು ಹೀಗಿರಲಿಲ್ಲ" ಎನ್ನುತ್ತಾರೆ. ಬೇರೆ ವಾರ್ಡುಗಳಿಂದಲೂ ಗಾಲಿಕುರ್ಚಿ ತಳ್ಳಿಸಿಕೊಂಡು ಬರುತ್ತಿದ್ದಾರೆ.

ಕೋಣೆಗೆ ಬಂದು, "ಏನ್ರೀ, ಅಲ್ಲಿ ಅಷ್ಟೆಲ್ಲ ಹೇಳ್ತೀರಲ್ಲ, ನನ್ನ ಹತ್ರ ಒಂಚೂರು ಮಾತಾಡಿ" ಎಂದೆ ಒಂದು ದಿನ.

"ಏನು ಹೇಳಿದೆ? ಪ್ರಾರ್ಥನೆ ಮಾಡಿದೆ ಅಷ್ಟೆ" ಎಂದರು. ಆಮೇಲೆ, "ನಲ್ಲಿ ಸೋರ್ತಿದೆ. ನಾಳೆ ವಾಷರ್ ತರಬೇಕು" ಎಂದರು.

ನನಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿದೆ. ಉಗುಳಿದರೆ ಆ ಜನರ ಗತಿ ಏನು? ನುಂಗಿ ನುಂಗಿ ನನ್ನ ಗತಿ ಏನು? ನಾನು ಹೇಳುವ ಶಾಂತಿಯಲ್ಲಿ ನನಗೇ ನಂಬಿಕೆ ಹೊರಟುಹೋಗಿದೆ. ಒಬ್ಬಳೇ ಕೂತು ದೇವರಿಗೆ ಕೈ ಮುಗಿದರೆ ನನ್ನದೇ ದನಿ, ನಾನೇ ಕಟ್ಟಿದ ಸುಳ್ಳು ಕಿವಿಗೆ ಬೀಳುತ್ತದೆ. ಊರಿಗೆ ಬರಬೇಕು, ಪುಟ್ಟಿ. ನಮ್ಮ ಅವಧಿ ಈ ತಿಂಗಳು ಮುಗಿಯುತ್ತದೆ. ನಿನ್ನ ಮನೆಯ ಹಿಂದಿನ ಕೋಣೆ ಖಾಲಿ ಇದೆಯಲ್ಲ? ಭಾವನನ್ನು ಕೇಳಿ ಒಪ್ಪಿಸಿ, ಆಮೇಲೆ ಈ ಕಾಗದ ಮುಗಿಸುತ್ತೇನೆ. ಊರಿಗೆ ಬಂದರೆ ಅವರು ಮತ್ತೆ ನನ್ನ ಹತ್ತಿರ ಮಾತಾಡುತ್ತಾರೆ ಎಂದು ಅನ್ನಿಸುತ್ತದೆ. ಅದೊಂದೇ ಆಸೆ ಉಳಿದಿರುವುದು.

ಗುರುವಾರ, ಸಂಜೆ

ಮತ್ತೆ ಕೂತೆ. ಕೋಣೆ ಸಿದ್ಧ ಮಾಡಿಸಬೇಡ.

ಸೋಮವಾರ ಸಂಘದ ಇಲ್ಲಿಯ ಹಿರಿಯರು, ನಮ್ಮ ಭಾಷೆ ಬಾರದವರು, ವಾರ್ಡಿಗೇ ಬಂದಿದ್ದರು. ಪಾಪ, ಒಳ್ಳೆಯ ಮನುಷ್ಯ. ಭಾವನ ಪ್ರಾರ್ಥನೆ ಕೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಿಮ್ಮಂಥವರನ್ನ ಕಳಿಸೋಕೆ ನನಗೆ ಮನಸ್ಸಿಲ್ಲ. ಇನ್ನೊಂದು ಅವಧಿ ಇರಿ. ದೊಡ್ಡ ಸಭಾಂಗಣದಲ್ಲಿ ವಾರದ ಪ್ರಾರ್ಥನೆ ಇವರೇ ಮಾಡಲಿ" ಎಂದರು. ನಾನು ಅದನ್ನು ಭಾವನಿಗೆ ಹೇಳಿದೆ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವರು ತಕ್ಷಣ ಹೂಂ ಎಂದು ತಲೆಯಾಡಿಸಿಬಿಟ್ಟರು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ದೇವರೇ ಇಲ್ಲ ಅಂತೀರಿ. ಮತ್ತೆ ಇಲ್ಲಿ ಯಾಕೆ ಇರಬೇಕು? ನಡೀರಿ ಊರಿಗೆ ಹೋಗೋಣ. ತಂಗಿ ಇದ್ದಾಳೆ, ಅವಳ ಮೊಮ್ಮಕ್ಕಳಿದ್ದಾರೆ" ಎಂದೆ.

ಕಿಟಕಿಯ ಹೊರಗೆ ನೋಡುತ್ತಲೇ, "ಊರಿಗೆ ಹೋದ್ರೆ ಎಲ್ಲರಿಗೂ ಅರ್ಥ ಆಗುತ್ತೆ" ಎಂದರು. "ಇಲ್ಲಾದ್ರೆ ಯಾರಿಗೂ ಅರ್ಥ ಆಗಲ್ಲ. ಬಾಯಿಬಿಟ್ಟು ಹೇಳ್ಕೋಬಹುದು."

ನಾನು ಅವರ ಪಕ್ಕದಲ್ಲೇ ಕೂತಿದ್ದೆ. ನನ್ನ ಮಡಿಲಲ್ಲಿ ಅವರ ಟೋಪಿ ಇತ್ತು.

ಆಯಿತು, ಇನ್ನೊಂದು ಅವಧಿ ಇಲ್ಲೇ. ಇಷ್ಟು ವಯಸ್ಸಾದ ಮೇಲೆ ಅವರೊಬ್ಬರನ್ನೇ ಬಿಟ್ಟು ಬಂದು ನಾನೇನು ಸುಖಪಡಲಿ? ಅವರ ಪ್ರಾರ್ಥನೆಗೆ ಅರ್ಥ ಹೇಳುವವರು ಬೇರೆ ಯಾರಿದ್ದಾರೆ?

ನೀನು ಅಳುತ್ತಾ ಕೂರಬೇಡ. ನಡೆ, ಮಂಡಿಗೆ ಎಣ್ಣೆ ಹಚ್ಚು. ಮಗಳನ್ನು ಭಾರ ಎತ್ತಲು ಬಿಡಬೇಡ. ನಿನ್ನ ಯಜಮಾನರು ದಿನಪತ್ರಿಕೆಯಿಂದ ತಲೆಯೆತ್ತಿ ನಿನ್ನ ಜೊತೆ ಜಗಳವಾಡಿದರೆ ಸಿಡುಕಬೇಡ, ಎದುರು ಕೂತು ಚೆನ್ನಾಗಿ ಜಗಳವಾಡು. ಹುಟ್ಟುವ ಕೂಸು ತುಂಬು ಆಯಸ್ಸಿನಿಂದ, ಬಾಯಿ ತುಂಬ ಮಾತಿನಿಂದ ಬೆಳೆಯಲಿ. ನನ್ನ ಹರಕೆಗೆ ಈಗ ಎಷ್ಟು ಬಲವಿದೆಯೋ ಕಾಣೆ, ಇರುವಷ್ಟೂ ನಿನಗೇ.

ಇಂತು ನಿನ್ನ
ಅಕ್ಕ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು. ಬರೆಯಬಾರದೆಂದಿದ್ದೆ, ನಿನಗಲ್ಲದೆ ಇನ್ಯಾರಿಗೆ ಬರೆಯಲಿ?

ಇವತ್ತು ಮಧ್ಯಾಹ್ನ ದೊಡ್ಡ ಸಭಾಂಗಣದಲ್ಲಿ ಮೊದಲ ಪ್ರಾರ್ಥನೆ ಆಯಿತು. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಭಾವನ ಕೈ ನನ್ನ ಎರಡೂ ಕೈಯೊಳಗಿತ್ತು, ತಣ್ಣಗೆ. ಕಣ್ಣು ಮುಚ್ಚಿಕೊಂಡು ಅವರು ಹೇಳಿದರು: "ನನಗೆ ಯಾರೂ ಇಲ್ಲ. ಆ ಮಗು ಒಂದಿತ್ತು, ಅದೂ ಹೋಯ್ತು. ನನ್ನ ಮಾತು ಕೇಳೋರು ಈ ಭೂಮಿ ಮೇಲೆ ಒಬ್ಬರೂ ಇಲ್ಲ."

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನನಗೆ ಯಾವ ಸುಳ್ಳೂ ಹೊಳೆಯಲಿಲ್ಲ, ಪುಟ್ಟಿ. ಅವರು ಅಂದದ್ದನ್ನೇ ಅಂದೆ. "ನನಗೆ ಯಾರೂ ಇಲ್ಲ, ನನ್ನ ಮಾತು ಕೇಳೋರು ಒಬ್ಬರೂ ಇಲ್ಲ ಅಂತಿದ್ದಾರೆ" ಎಂದೆ.

ಮುಂದಿನ ಸಾಲಿನಲ್ಲಿ ಊರುಗೋಲು ಹಿಡಿದ ಒಬ್ಬ ಅಜ್ಜಿ ಕೂತಿದ್ದಳು. ಅವಳು ನಮ್ಮಿಬ್ಬರ ಕೈ ನೋಡಿದಳು, ನನ್ನ ಮುಖ ನೋಡಿದಳು. "ಹಾಗಾದ್ರೆ ನೀನು ಯಾರಮ್ಮಾ?" ಎಂದು ಕೇಳಿದಳು.

ಭಾವ ಕಣ್ಣು ಬಿಡದೆ ನನ್ನ ಕಡೆ ಬಾಗಿ, "ಏನಂತೆ ಆಕೆ?" ಎಂದರು.

"ಪ್ರಾರ್ಥನೆ ತುಂಬಾ ಚೆನ್ನಾಗಿತ್ತಂತೆ" ಎಂದೆ.