ಖಾಲಿ ಮನೆಯ ಮುಂದಿನ ರಂಗೋಲಿ

ಖಾಲಿ ವಸತಿಗೃಹಗಳ ಉಸ್ತುವಾರಿ ಹೊತ್ತ ಮಾನ್ಯರೇ,

ಮೇಟಗಳ್ಳಿಯಲ್ಲಿರುವ ನಿಮ್ಮ ಇಲಾಖೆಯ ಹನ್ನೆರಡು ಮನೆಗಳನ್ನು ಇದೇ ಇಪ್ಪತ್ತರೊಳಗೆ ತೆರವು ಮಾಡಬೇಕೆಂದು ನಮ್ಮ ಬಾಗಿಲುಗಳಿಗೆ ನೋಟಿಸು ಅಂಟಿಸಿ ಹೋಗಿದ್ದೀರಿ. ಬಹಳ ಉಪಕಾರವಾಯಿತು. ನಾವು ಇಲ್ಲಿಗೆ ಬಂದ 1994ರ ಜನವರಿಯಿಂದ ಈ 2001ರವರೆಗೆ ನಿಮ್ಮ ಕಚೇರಿಯಿಂದ ನಮಗೆ ಬಂದ ಮೊದಲ ಕಾಗದ ಇದು. ಅದರಲ್ಲಿ ನಮ್ಮನ್ನು ‘ಅನಧಿಕೃತ ನಿವಾಸಿಗಳು’ ಎಂದು ಕರೆದಿದ್ದೀರಿ. ನಿವಾಸಿಗಳು ಎಂದಾದರೂ ಒಪ್ಪಿಕೊಂಡಿರಲ್ಲ, ಸದ್ಯ.

ಅನುಮತಿ ಇಲ್ಲದೆ ಹೊಕ್ಕಿದ್ದು ನಿಜ. ನಾನು ಫಿಟ್ಟರ್ ಆಗಿದ್ದ ಕಾರ್ಖಾನೆಗೆ ಬೀಗ ಬಿದ್ದಾಗ ಇದ್ದ ಬಾಡಿಗೆ ಮನೆಯೂ ಹೋಯಿತು. ನಿಮ್ಮ ಕಚೇರಿಗೆ ಬಂದು ಈ ಮನೆಗಳನ್ನು ಬಾಡಿಗೆಗೆ ಕೊಡಿ ಎಂದು ಕೇಳಿದೆ. ಇವು ನೌಕರರಿಗೆ ಮೀಸಲು ಎಂದರು. ನೀರಿನ ಸಂಪರ್ಕವಿಲ್ಲವೆಂದು ನಿಮ್ಮ ಒಬ್ಬ ನೌಕರನೂ ಐದು ವರ್ಷದಿಂದ ಇತ್ತ ತಲೆ ಹಾಕಿರಲಿಲ್ಲ. ಮೀಸಲಾತಿಯನ್ನು ಬಾವಲಿಗಳು ಅನುಭವಿಸುತ್ತಿದ್ದವು. ನಾವು ಹನ್ನೆರಡು ಸಂಸಾರದವರು ಬಾವಲಿ ಓಡಿಸಿ, ಸುಣ್ಣ ಬಳಿದು, ಕೆ.ಆರ್.ಎಸ್. ರಸ್ತೆಯ ನಲ್ಲಿಯಿಂದ ಕೊಡ ಹೊತ್ತು ಬದುಕಿದೆವು. ಅಂಥ ಕಟ್ಟಡಗಳಿಗೆ ಇಷ್ಟು ದೊಡ್ಡ ಅಪಚಾರ ಮಾಡಬಾರದಿತ್ತು.

ಪ್ರತಿ ಫೆಬ್ರವರಿಯಲ್ಲೂ ನಿಮ್ಮ ಕಚೇರಿಯಿಂದ ತಪಾಸಣೆ ಬರುತ್ತಿತ್ತು. ಹಿಂದಿನ ದಿನವೇ ನಿಮ್ಮ ಮೇಲ್ವಿಚಾರಕರು ಸೈಕಲ್ಲಿನಲ್ಲಿ ಬಂದು, “ನಾಳೆ ಸಾಹೇಬ್ರು ಬತ್ತಾವ್ರೆ, ಒಂದೊಪ್ಪೊತ್ತು ಖಾಲಿ ಆಗ್ಬುಡಿ ಕಣ್ರಪ್ಪ” ಎನ್ನುತ್ತಿದ್ದರು. ಬೆಳಿಗ್ಗೆ ಪಾತ್ರೆ, ಚಾಪೆ, ಮಕ್ಕಳು, ಮೇಕೆ ಸಮೇತ ಹಾಳು ಪಂಪ್‌ಹೌಸಿನ ಹಿಂದೆ ಹೋಗಿ ನಿಲ್ಲುತ್ತಿದ್ದೆವು. ಸಾಹೇಬರು ಬೀಗಗಳನ್ನು ಎಣಿಸಿ, ‘ಹನ್ನೆರಡೂ ಖಾಲಿ, ಸುಸ್ಥಿತಿಯಲ್ಲಿವೆ’ ಎಂದು ಬರೆದು, ನಮ್ಮ ಮರದ ನುಗ್ಗೇಕಾಯಿ ಕಿತ್ತುಕೊಂಡು ಹೋಗುತ್ತಿದ್ದರು. ಬರೆದದ್ದನ್ನು ಮೇಲ್ವಿಚಾರಕರೇ ಆಮೇಲೆ ನಮಗೆ ಹೇಳುತ್ತಿದ್ದರು. ಖಾಲಿ ಮನೆ ಏಳು ವರ್ಷ ಹೇಗೆ ಸುಸ್ಥಿತಿಯಲ್ಲಿರುತ್ತದೆ, ಮನುಷ್ಯರಿಲ್ಲದ ಕಡೆ ನುಗ್ಗೆಗೆ ನೀರು ಹಾಕಿದವರಾರು ಎಂದು ಯಾರಾದರೂ ಕೇಳಿದರೇ?

ಈ ಸಲ ಹೊಸದಾಗಿ ಅಧಿಕಾರ ವಹಿಸಿಕೊಂಡ ತಾವು ಬಂದಿರಿ. ತಪ್ಪು ನಡೆದದ್ದು ಮೂರನೆಯ ಮನೆಯ ಬೋರಮ್ಮನಿಂದ. ಅರವತ್ತು ದಾಟಿದ ಹೆಂಗಸು. ಸಾಮಾನೆಲ್ಲ ಸಾಗಿಸಿ, ಬೀಗ ಜಡಿದು, ಎಂದಿನ ಅಭ್ಯಾಸದಂತೆ ಹೊಸ್ತಿಲ ಮುಂದೆ ನೀರು ಚಿಮುಕಿಸಿ ರಂಗೋಲಿ ಎಳೆದು ಬಂದುಬಿಟ್ಟಿದ್ದರು. ಮಾತು ಕೇಳಿಸುವಷ್ಟು ಹತ್ತಿರದ ಪಂಪ್‌ಹೌಸಿನ ಹಿಂದೆ ನಾನು ಬೋರಮ್ಮನ ಪಕ್ಕದಲ್ಲೇ ಅಡಗಿ ನಿಂತಿದ್ದೆ. “ಖಾಲಿ ಮನೆಗೆ ರಂಗೋಲಿ ಹಾಕಿದವರಾರು?” ಎಂದಿರಿ ತಾವು. “ಹಳೇದಿರ್ಬೇಕು ಸಾರ್” ಎಂದರು ಮೇಲ್ವಿಚಾರಕರು. ನೆಲ ಇನ್ನೂ ಹಸಿಯಾಗಿತ್ತು. ತಾವು ಬೂಟಿನ ತುದಿಯಿಂದ ಅದನ್ನು ಒರೆಸಿ ನೋಡಿದಿರಿ. ಏಳು ವರ್ಷದಲ್ಲಿ ನಿಮ್ಮ ಇಲಾಖೆ ನಡೆಸಿದ ಏಕೈಕ ನಿಜವಾದ ತಪಾಸಣೆಗೆ ನನ್ನ ಅಭಿನಂದನೆ.

ಆವತ್ತಿನಿಂದ ಬೋರಮ್ಮ ರಂಗೋಲಿ ಹಾಕುತ್ತಿಲ್ಲ. “ಕೈ ಸುಮ್ಕಿರ್ನಿಲ್ಲ ಕಣಪ್ಪ. ಹನ್ನೆರಡು ಮನೆ ಕಳ್ದುಬುಟ್ಟೆ” ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಾರೆ, ಊಟವನ್ನೂ ಸರಿಯಾಗಿ ಮಾಡುವುದಿಲ್ಲ. ನನಗೆ ಹೊಟ್ಟೆ ಉರಿಯುವುದು ನಿಮ್ಮ ನೋಟಿಸಿಗಲ್ಲ, ಇದಕ್ಕೆ. ಏಳು ವರ್ಷ ಸುಳ್ಳು ಬರೆದವರು ನೆಮ್ಮದಿಯಾಗಿ ಬಡ್ತಿ ಪಡೆದರು. ಒಂದು ದಿನ ಮರೆತು ನಿಜ ಬರೆದ ಮುದುಕಿ ಕಣ್ಣೀರು ಹಾಕುತ್ತಿದ್ದಾರೆ.

ಆದ್ದರಿಂದ ಇಷ್ಟು ಕೇಳುತ್ತೇನೆ. ನೋಟಿಸು ಹಿಂಪಡೆಯಿರಿ, ಬಾಡಿಗೆ ಗೊತ್ತು ಮಾಡಿ, ಮನೆಗಳನ್ನು ನಮ್ಮ ಹೆಸರಿಗೆ ಕ್ರಮವಾಗಿ ಹಂಚಿಕೆ ಮಾಡಿ. ಆಗದೆಂದರೆ ಮೊದಲು ನಿಮ್ಮ ಕಡತದ ಏಳೂ ವರದಿಗಳು ಸುಳ್ಳೆಂದು ಬರೆದು ಸಹಿ ಹಾಕಿ, ಆಮೇಲೆ ಎಬ್ಬಿಸಲು ಬನ್ನಿ. ಕಡತದ ಪ್ರಕಾರ ಇಲ್ಲಿ ಯಾರೂ ಇಲ್ಲ. ಇಲ್ಲದವರನ್ನು ಯಾವ ಕಾನೂನಿನಡಿ ಹೊರಹಾಕುತ್ತೀರಿ?

ಇಪ್ಪತ್ತರ ಬೆಳಿಗ್ಗೆ ಪಂಪ್‌ಹೌಸಿನ ಹಿಂದೆ ಯಾರೂ ನಿಂತಿರುವುದಿಲ್ಲ. ಹನ್ನೆರಡು ಬಾಗಿಲುಗಳೂ ತೆರೆದಿರುತ್ತವೆ, ಹನ್ನೆರಡರ ಮುಂದೆಯೂ ರಂಗೋಲಿ ಇರುತ್ತದೆ. ಮತ್ತೆ ರಂಗೋಲಿ ಎಳೆಯಲು ಬೋರಮ್ಮನನ್ನು ಒಪ್ಪಿಸುವುದು ನನ್ನ ಜವಾಬ್ದಾರಿ. ತುಳಿಯದೆ ಒಳಗೆ ಬರುವುದು ನಿಮ್ಮದು.

ಇಂತಿ,
ಏಳು ವರ್ಷಗಳಿಂದ ನಿಮ್ಮ ಕಡತದಲ್ಲಿ ಇಲ್ಲದ
ಷಡಕ್ಷರಿ
ಖಾಲಿ ಮನೆ ಸಂಖ್ಯೆ ಐದು, ಮೇಟಗಳ್ಳಿ, ಮೈಸೂರು