ದೀಪ ತಗ್ಗಿಸುವ ತಿರುವು

ಟೂ ಹಾರ್ಬರ್ಸ್,
10 ಅಕ್ಟೋಬರ್ 1994

ಪ್ರೀತಿಯ ಆರ್ವಿಡ್,

ನಿನ್ನ ಎರಡು ಕಾಗದಗಳು ಅಡುಗೆಮನೆಯ ಮೇಜಿನ ಮೇಲೆ ಕೂತು ನನ್ನನ್ನೇ ನೋಡುತ್ತಿವೆ. ಆಗಸ್ಟಿನಲ್ಲಿ ಡೇಲ್ ಹೃದಯ ನಿಂತು ಹೋದಾಗ ನೀನು ಬರೆದದ್ದಕ್ಕೂ ಉತ್ತರ ಕೊಡಲಿಲ್ಲ. ಕ್ಷಮಿಸು ಮಾರಾಯ. ಪೆನ್ನು ಹಿಡಿದು 'ನನ್ನ ಮಗ' ಎಂದು ಬರೆದರೆ ಕೈ ಅಲ್ಲೇ ನಿಲ್ಲುತ್ತಿತ್ತು. ಆ ಮರಳುಗಾಡಿನಲ್ಲಿ ನಿನ್ನ ಮೊಣಕಾಲು ಹೇಗಿದೆ? ಮಗಳ ಕೈಯಡುಗೆ ಮೈಗೆ ಹತ್ತಿರಬೇಕು.

ಇಲ್ಲಿ ನಾವಿಬ್ಬರೂ ಬೆನ್ನು ಸವೆಸಿದ ಧಕ್ಕೆಯಲ್ಲಿ ನಿನ್ನೆ ಸಾವಿರ ಅಡಿ ಉದ್ದದ ಹಡಗು ನಿಂತಿತ್ತು. ಅದಿರಿನ ಉಂಡೆಗಳು ಸುರಿಯುವ ಸದ್ದು ಚರ್ಚಿನೊಳಗೂ ಕೇಳುತ್ತಿತ್ತು. ಪಾದ್ರಿ ಪ್ರವಚನ ನಿಲ್ಲಿಸಿ, "ಮೊದ್ಲು ಹಡಗು ತುಂಬ್ಲಿ, ಆಮೇಲೆ ನಿಮ್ಮ ಆತ್ಮ ನೋಡೋಣ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ನಕ್ಕದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ನಿನ್ನಿಂದ ಒಂದು ಉಪಕಾರ ಆಗಬೇಕು. ಕಳೆದ ವಾರ ಸೊಸೆ ಕ್ಯಾರಲ್ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಳು. ಬ್ರಿಟಾಳಿಗೆ ಈಗ ಏಳು ವರ್ಷ. ಏಲಕ್ಕಿ ಬ್ರೆಡ್ಡನ್ನು ಹಾಲಿಗೆ ಅದ್ದುತ್ತ, "ಅಜ್ಜ, ಅಪ್ಪ ರೈಲು ಓಡಿಸೋ ಫೋಟೋ ಕೊಡು. ಮನೇಲಿರೋದ್ರಲ್ಲೆಲ್ಲ ಅಪ್ಪ ಟೈ ಕಟ್ಕೊಂಡಿದಾನೆ. ಅದು ಅಪ್ಪನ ಥರಾನೇ ಇಲ್ಲ" ಎಂದಳು.

ಅಷ್ಟೇ ತಾನೆ ಎಂದುಕೊಂಡೆ. ಹದಿನೈದು ವರ್ಷ ಡೇಲ್ ಅದಿರಿನ ರೈಲು ಓಡಿಸಿದ. ಹದಿನೈದು ವರ್ಷ ನಾನು ಬೆಟ್ಟದ ತಿರುವಿನಲ್ಲಿ ಕ್ಯಾಮೆರಾ ಹಿಡಿದು ಕಾದೆ. ಪೆಟ್ಟಿಗೆಗಳನ್ನೆಲ್ಲ ಇಳಿಸಿ, ಕಿಟಕಿಯ ಪರದೆ ಎಳೆದು, ಪ್ರೊಜೆಕ್ಟರ್ ಹಾಕಿ ಮೂವರೂ ಕೂತೆವು. ವ್ಯಾಗನ್ನುಗಳ ಸಾಲು, ಹಿಮದಲ್ಲಿ ಇಂಜಿನ್, ಹಿಂದೆ ಧಕ್ಕೆ, ಅದರಾಚೆ ಸರೋವರ. ಪ್ರತಿ ಸ್ಲೈಡಿನ ಅಂಚಿನಲ್ಲೂ ನನ್ನ ಗುಂಡು ಅಕ್ಷರ: ತಾರೀಖು, ಇಂಜಿನ್ ನಂಬರು, ಬೆಳಕು ಹೇಗಿತ್ತು. ಬ್ರಿಟಾ ಪ್ರತಿ ಸಲ ಗೋಡೆಯ ಹತ್ತಿರ ಹೋಗಿ, ಇಂಜಿನ್ನಿನ ಕಿಟಕಿಯ ಮೇಲೆ ಬೆರಳಿಟ್ಟು, "ಇಲ್ಲಿದಾನಾ?" ಎನ್ನುವಳು. "ಹ್ಞೂಂ, ಒಳಗಿದಾನೆ" ಎನ್ನುವೆ. ಗಾಜಿನ ಮೇಲೆ ಬರೀ ಆಕಾಶ. ಎಷ್ಟೋ ಹೊತ್ತಿನ ಮೇಲೆ ಅವಳು ಕೇಳುವುದನ್ನು ಬಿಟ್ಟಳು. ತಟ್ಟೆ ತೊಳೆಯಲು ಒಳಗೆ ಹೋದ ಕ್ಯಾರಲ್ ಬಹಳ ಹೊತ್ತು ನಲ್ಲಿ ನಿಲ್ಲಿಸಲೇ ಇಲ್ಲ.

ನಿಮ್ಮಪ್ಪನಿಗೆ ಫೋಟೋ ಅಂದರೆ ನಾಚಿಕೆ ಎಂದು ಮಗುವಿಗೆ ಹೇಳಿ ಕಳಿಸಿದೆ.

ಕೆಟ್ಟ ಸ್ಲೈಡುಗಳನ್ನು ಬಿಸಾಡಲು ಮನಸ್ಸು ಬಾರದೆ ನಾವು ಒಬ್ಬರಿಗೊಬ್ಬರು ದಾಟಿಸುತ್ತಿದ್ದೆವಲ್ಲ, ನಾನು ಕೊಟ್ಟವುಗಳಲ್ಲಿ ಒಂದನ್ನು ಹುಡುಕಿ ಕೊಡು. 1979ರ ಮೇ ತಿಂಗಳು, ಅದೇ ತಿರುವು, ಡೇಲ್ ಚಾಲಕನಾದ ಮೊದಲ ದಿನ. ಸೊಂಟದವರೆಗೆ ಕಿಟಕಿಯಿಂದ ಹೊರಗೆ ಬಾಗಿ ಕೈ ಬೀಸುತ್ತಿದ್ದಾನೆ. ಬೂಸ್ಟು ಹಿಡಿದಿದ್ದರೂ ಸರಿ, ಕಳಿಸು. ಬೇರೆ ಯಾವುದೂ ನನ್ನಲ್ಲಿಲ್ಲ.

ನಿನ್ನ ಮಗಳಿಗೂ ಅಳಿಯನಿಗೂ ಈ ಮುದುಕನ ಆಶೀರ್ವಾದ. ಅವರ ಮನೆ ತಣ್ಣಗಿರಲಿ. ದೇವರು ನಿನ್ನ ಕಣ್ಣು, ಕಾಲು ಎರಡನ್ನೂ ಕಾಯಲಿ.

ನಿನ್ನ
ಓನ್ನಿ ಸಾಲ್ಮೆಲಾ

ಮತ್ತೊಂದು ಮಾತು: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಆ ಸ್ಲೈಡು ಕೊಟ್ಟಾಗ "ಚೆನ್ನಾಗೇ ಇದೆಯಲ್ಲೋ" ಎಂದಿದ್ದೆ ನೀನು. ಅವನಿಗೆ ನಾಚಿಕೆ ಎಂದದ್ದು ಸುಳ್ಳು ಆರ್ವಿಡ್. ಆ ದಿನ ಕೆಲಸ ಮುಗಿಸಿ, ಮುಖದ ಮಸಿಯನ್ನೂ ತೊಳೆಯದೆ ಓಡಿಬಂದು, "ನನ್ನ ನೋಡಿದ್ಯಾಪ್ಪ?" ಎಂದು ಕೇಳಿದ. "ನಾನು ತೆಗೀತಿರೋದು ಇಂಜಿನ್ನಿನ ಫೋಟೋ, ನಿಂದಲ್ಲ. ಕೈ ಒಳಗಿಟ್ಕೋ" ಎಂದೆ. ಅಂದಿನಿಂದ ಅವನು ಆ ತಿರುವಿಗೆ ಬಂದಾಗಲೆಲ್ಲ, ನನ್ನ ಚಿತ್ರ ಕೆಡದಿರಲೆಂದು ಇಂಜಿನ್ನಿನ ದೀಪ ತಗ್ಗಿಸುತ್ತಿದ್ದ. ಅಂಚಿನಲ್ಲಿ 'ಬೆಳಕು ಚೆನ್ನಾಗಿದೆ' ಎಂದು ಬರೆದುಕೊಂಡು ನಾನು ಮನೆಗೆ ಬರುತ್ತಿದ್ದೆ.

ನಿನ್ನೆ ಚರ್ಚಿನಿಂದ ಕಾಲು ತಾನಾಗಿ ಅಲ್ಲಿಗೆ ಹೋಯಿತು. ಅವನ ಇಂಜಿನ್ನೇ ಬಂತು. ದೀಪ ತಗ್ಗಿತು. ಕ್ಯಾಮೆರಾ ಕತ್ತಿನಲ್ಲೇ ನೇತಾಡುತ್ತಿತ್ತು, ನಾನು ಕೈ ಎತ್ತಿ ಬೀಸಿದೆ. ಕಿಟಕಿಯಿಂದ ಯಾರ ಕೈಯೂ ಬರಲಿಲ್ಲ.

ಆಮೇಲೆ ಕಾಫಿ ಅಂಗಡಿಯಲ್ಲಿ ಆ ಚಾಲಕ ಗಾರ್ಡನ್ ಸಿಕ್ಕ. ಡೇಲ್‌ನಿಂದ ಕೆಲಸ ಕಲಿತವನು. ಟೋಪಿ ತೆಗೆದು ಹತ್ತಿರ ಬಂದು ಹೇಳಿದ: "ಬೇಜಾರು ಮಾಡ್ಕೋಬೇಡಿ. ಡೇಲ್ ನಮಗೆಲ್ಲ ಹೇಳಿಟ್ಟಿದ್ದ. 'ಆ ತಿರುವಿನಲ್ಲಿ ನಮ್ಮಪ್ಪ ನಿಂತಿರ್ತಾರೆ, ದೀಪ ತಗ್ಗಿಸಿ. ಕೈ ಮಾತ್ರ ಹೊರಗೆ ಹಾಕ್ಬೇಡಿ, ಅವರ ಫೋಟೋ ಕೆಡುತ್ತೆ' ಅಂತ."